ಮಡಚುವ ಚಾಕು: ಕೀಲಿನ ಕಸುಬು ಬೆಳೆದು ಬಂದ ಬಗೆ

ಮಡಚುವ ಚಾಕುವಿನ ಗುಣ ಅಲಗಿಗಿಂತ ಹೆಚ್ಚಾಗಿ ಕೀಲಿನಲ್ಲಿದೆ. ಹರಿತವಾದ ಅಲಗನ್ನು ನುರಿತ ಕಮ್ಮಾರ ಎಲ್ಲಿಯಾದರೂ ಬಡಿದು ಕೊಡಬಲ್ಲ. ಆದರೆ ಆ ಅಲಗು ಹಿಡಿಯೊಳಗೆ ಅಚ್ಚುಕಟ್ಟಾಗಿ ಕೂರಬೇಕು, ಬಿಚ್ಚಿದಾಗ ಅಲ್ಲಾಡಬಾರದು, ಕೊಯ್ಯುವಾಗ ಬೆರಳಿನ ಮೇಲೆ ಮಡಚಿಕೊಳ್ಳಬಾರದು. ಈ ಮೂರೂ ಒಟ್ಟಿಗೆ ಕೈಗೂಡಲು ಎರಡು ಸಾವಿರ ವರ್ಷಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಆಸ್ಟ್ರಿಯಾದ ಹಾಲ್‌ಸ್ಟಾಟ್‌ನಲ್ಲಿ ಸಿಕ್ಕಿದ, ಕ್ರಿ.ಪೂ. 600–500ರ ಸುಮಾರಿನ ಮೂಳೆಹಿಡಿಯ ಚಾಕುವನ್ನು ಈ ಜಾತಿಯ ಅತಿ ಹಳೆಯ ವಸ್ತುಗಳಲ್ಲಿ ಎಣಿಸುತ್ತಾರೆ. ಕೇಂಬ್ರಿಜ್‌ನ ಫಿಟ್ಸ್‌ವಿಲಿಯಂ ಸಂಗ್ರಹಾಲಯದಲ್ಲಿ 3ನೇ ಶತಮಾನದ ರೋಮನ್ನರ ಬೆಳ್ಳಿಯ ಉಪಕರಣವೊಂದಿದೆ. ಚಮಚ, ಮುಳ್ಳುಚಮಚ, ಕಬ್ಬಿಣದ ಅಲಗು ಎಲ್ಲವೂ ಅದರಲ್ಲಿ ಮಡಚಿಕೊಳ್ಳುತ್ತವೆ. ಇಂಥ ಹಳೆಯ ಚಾಕುಗಳಲ್ಲಿ ಬಿಚ್ಚಿದ ಅಲಗನ್ನು ತಡೆದು ನಿಲ್ಲಿಸುತ್ತಿದ್ದದ್ದು ಕೀಲಿನ ಬಿಗಿತವೊಂದೇ.

ಕನ್ನಡ ನಾಡಿನಲ್ಲಿ ಮೈಮೇಲೆ ಕತ್ತಿ ಧರಿಸುವ ಪದ್ಧತಿಗೆ ಹೆಸರಾದದ್ದು ಕೊಡಗು. ಕುಪ್ಯವೆಂಬ ನಿಲುವಂಗಿಯ ಮೇಲೆ ಬಿಗಿದ ಕೆಂಪು ನಡುಪಟ್ಟಿ ಚೇಲೆಗೆ ಸಿಕ್ಕಿಸುವ ಪೀಚೆಕತ್ತಿ ಇಂದಿಗೂ ಕೊಡವರ ಮದುವೆ, ಹಬ್ಬಗಳಲ್ಲಿ ಕಾಣುತ್ತದೆ. ಅದು ಒರೆಯಲ್ಲಿಡುವ ಕತ್ತಿ, ಮಡಚುವಂಥದ್ದಲ್ಲ. ಕೀಲಿರುವ ಅಲಗನ್ನು ದಿನವೂ ಜೊತೆಗಿಟ್ಟುಕೊಂಡು ಓಡಾಡಿದವರು ಎಲೆ-ಅಡಿಕೆ ಮೆಲ್ಲುವವರು. ಅವರ ಸಂಚಿಯಲ್ಲಿ ಸುಣ್ಣದ ಡಬ್ಬಿಯ ಪಕ್ಕದಲ್ಲೇ ಅಡಕತ್ತರಿ ಇರುತ್ತಿತ್ತು. ಕಿಸೆ ಚಾಕುವಿಗೆ ಈ ನಾಡಿನಲ್ಲಿ ಹತ್ತಿರದ ಪೂರ್ವಜನನ್ನು ಹುಡುಕಿದರೆ ಸಿಗುವುದು ಇದೇ.

ಅಡಕತ್ತರಿಯ ರಚನೆ ಸರಳವಾದರೂ ಅದನ್ನು ಮಾಡುವ ಕೆಲಸ ಸೂಕ್ಷ್ಮವಾದದ್ದು. ಎರಡು ತೋಳುಗಳನ್ನು ತಲೆಯ ಕಡೆ ಒಂದು ಮೊಳೆ ಹಿಡಿದಿರುತ್ತದೆ. ಮೇಲಿನ ತೋಳಿನಲ್ಲಿ ಅಲಗು, ಕೆಳಗಿನದರಲ್ಲಿ ಅಡಿಕೆ ಕೂರುವ ಜಾಗ. ಅಡಿಕೆ ಕೀಲಿನ ಹತ್ತಿರವಿದ್ದು ಕೈ ದೂರವಿರುವುದರಿಂದ ಅಂಗೈಯ ಸಣ್ಣ ಒತ್ತಡ ಅಲಗಿನಲ್ಲಿ ಹಲವು ಪಟ್ಟಾಗುತ್ತದೆ. ಮೊಳೆ ಸಡಿಲವಾದರೆ ಅಲಗು ಪಕ್ಕಕ್ಕೆ ಜಾರಿ ಹೋಳು ಬೀಳುವ ಬದಲು ಅಡಿಕೆ ನುಚ್ಚಾಗುತ್ತದೆ. ತೀರ ಬಿಗಿಯಾದರೆ ನಾಲ್ಕು ಅಡಿಕೆ ಕತ್ತರಿಸುವುದರೊಳಗೆ ಕೈ ಸೋಲುತ್ತದೆ. ಅಡಿಕೆಯ ಒಗರು ಕಬ್ಬಿಣದೊಂದಿಗೆ ಸೇರಿ ಅಲಗನ್ನು ಕಪ್ಪಾಗಿಸುತ್ತದೆ. ಹಳೆಯ ಅಡಕತ್ತರಿ ಕೊಳ್ಳುವವರು ಈ ಕಪ್ಪನ್ನು ಉಜ್ಜಿ ತೆಗೆಯಬಾರದು. ಆ ವಸ್ತು ನಿಜವಾಗಿ ಬಳಕೆಯಲ್ಲಿತ್ತು ಎಂಬುದಕ್ಕೆ ಅದೇ ಗುರುತು.

ಗಿಳಿ, ಕುದುರೆ, ಸ್ತ್ರೀ-ಪುರುಷರ ಆಕಾರದ ಹಿತ್ತಾಳೆಯ ಅಡಕತ್ತರಿಗಳು ಸಂಗ್ರಹಕಾರರನ್ನು ಬಹಳ ಹಿಂದೆಯೇ ಸೆಳೆದವು. ಪುಣೆಯಲ್ಲಿ ದಿನಕರ ಕೇಳ್ಕರ್ ಕಟ್ಟಿದ ಸಂಗ್ರಹಾಲಯ ಇವುಗಳಿಗೆ ಹೆಸರುವಾಸಿ. ಗಣಿತಜ್ಞ ಸ್ಯಾಮ್ಯುಯೆಲ್ ಐಲೆನ್‌ಬರ್ಗ್ ಏಷ್ಯಾದ ನಾನಾ ಕಡೆಗಳಿಂದ ಕೂಡಿಹಾಕಿದ ಅಡಕತ್ತರಿಗಳ ಮೇಲೆ ಹೆನ್ರಿ ಬ್ರೌನ್‌ರಿಗ್ ಒಂದು ಪುಸ್ತಕವನ್ನೇ ಬರೆದಿದ್ದಾರೆ.

ಇನ್ನು ಉಕ್ಕಿನ ವಿಷಯ. ಮೈಸೂರು ಸೀಮೆ, ತೆಲಂಗಾಣ, ಸೇಲಂ ಭಾಗಗಳಲ್ಲಿ ಮಣ್ಣಿನ ಮೂಸೆಯಲ್ಲಿ ಕಬ್ಬಿಣವನ್ನು ಕಟ್ಟಿಗೆ, ಎಲೆಗಳೊಂದಿಗೆ ಮುಚ್ಚಿ ಕಾಯಿಸಿ ಉಕ್ಕು ಮಾಡುತ್ತಿದ್ದರು. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಈ ಕಸುಬನ್ನು ಕಣ್ಣಾರೆ ಕಂಡು ವಿವರವಾಗಿ ಬರೆದಿದ್ದಾನೆ. ಅದಕ್ಕೂ ಮೊದಲೇ, ಮುಂಬಯಿಯಿಂದ ಹೆಲೆನಸ್ ಸ್ಕಾಟ್ ಕಳಿಸಿದ ಇಂಥ ಉಕ್ಕಿನ ಗಟ್ಟಿಗಳು ಲಂಡನ್ನಿನ ರಾಯಲ್ ಸೊಸೈಟಿಯನ್ನು ಮುಟ್ಟಿದ್ದವು. ಅವುಗಳ ಪರೀಕ್ಷೆಯನ್ನು ಕುರಿತು ಜಾರ್ಜ್ ಪಿಯರ್ಸನ್ 1795ರಲ್ಲಿ ಪ್ರಬಂಧ ಓದಿದ. ಆ ಪರೀಕ್ಷೆಗಾಗಿ ಚಾಕು ತಯಾರಕ ಜೇಮ್ಸ್ ಸ್ಟೊಡಾರ್ಟ್ ಇದೇ ಉಕ್ಕಿನಿಂದ ಲೇಖನಿ ಹೆರೆಯುವ ಚಾಕುವೊಂದನ್ನು ಬಡಿದ. ಬಡಿಯುವುದು ಕಷ್ಟವಾಯಿತು, ಆದರೂ ಇಂಗ್ಲೆಂಡಿನಲ್ಲಿ ಬಳಕೆಯಲ್ಲಿದ್ದ ಉಕ್ಕುಗಳಿಗಿಂತ ಅನೇಕ ಕೆಲಸಗಳಿಗೆ ಇದೇ ಮೇಲು ಎಂದು ಅವನು ತೀರ್ಮಾನಿಸಿದ. ಮುಂದೆ ಮೈಕಲ್ ಫ್ಯಾರಡೆ ಅವನೊಂದಿಗೆ ಸೇರಿ ಮಿಶ್ರಲೋಹಗಳ ಪ್ರಯೋಗ ನಡೆಸಿದ. ಕಿಸೆ ಚಾಕುವಿನ ಚರಿತ್ರೆಯನ್ನು ಯುರೋಪಿನ ಊರುಗಳಲ್ಲೇ ಮುಗಿಸಿಬಿಡುವುದು ಸರಿಯಲ್ಲ. ಅದರ ಅಲಗಿನ ಪುಟಗಳಲ್ಲಿ ದಕ್ಷಿಣ ಭಾರತದ ಮೂಸೆಗೂ ಪಾಲಿದೆ.

ಕೀಲಿನ ಮೊದಲ ದೊಡ್ಡ ಸುಧಾರಣೆ ಹಿಡಿಯ ಬೆನ್ನಿಗೆ ಕೂರಿಸಿದ ಸ್ಪ್ರಿಂಗ್. ಅಲಗಿನ ಬುಡವನ್ನು ಅದು ಒತ್ತಿ ಹಿಡಿಯುವುದರಿಂದ ಚಾಕು ಬಿಚ್ಚಿದರೂ ಮಡಚಿದರೂ ತಾನಾಗಿ ಕದಲುವುದಿಲ್ಲ. ಶೆಫೀಲ್ಡ್‌ನ ಕಸುಬುದಾರರು ಇದನ್ನು ಮನೆಮನೆಗೆ ಮುಟ್ಟಿಸಿದರು. ಸ್ವಿಟ್ಜರ್ಲೆಂಡಿನ ಕಾರ್ಲ್ ಎಲ್ಸೆನರ್ 1891ರಲ್ಲಿ ಸೈನ್ಯಕ್ಕೆ ಚಾಕು ಒದಗಿಸಿ, 1897ರಲ್ಲಿ ಅಧಿಕಾರಿಗಳ ಚಾಕುವಿನ ವಿನ್ಯಾಸವನ್ನು ನೋಂದಾಯಿಸಿದ. ಒಂದೇ ಸ್ಪ್ರಿಂಗ್ ಎರಡೂ ತುದಿಯ ಉಪಕರಣಗಳನ್ನು ಹಿಡಿಯುವಂತೆ ಮಾಡಿದ್ದು ಅದರ ಜಾಣ್ಮೆ. ಸ್ಪ್ರಿಂಗ್ ಇಲ್ಲದೆಯೂ ಒಳ್ಳೆಯ ಚಾಕು ಆಗುತ್ತದೆ ಎಂಬುದಕ್ಕೆ ಫ್ರಾನ್ಸಿನ ಒಪಿನೆಲ್ ಸಾಕ್ಷಿ. ಬೀಚ್ ಮರದ ಹಿಡಿಯ ಈ ಅಗ್ಗದ ಚಾಕುವಿಗೆ 1955ರಲ್ಲಿ ತಿರುಗುವ ಉಂಗುರವೊಂದು ಸೇರಿ, ಅಲಗಿಗೆ ಬೀಗ ಬಿದ್ದಂತಾಯಿತು.

ಬೀಗದ ಮಾತು ಬಂದಾಗ ಭಾರತದಲ್ಲಿ ನೆನಪಾಗುವುದು ಉತ್ತರ ಪ್ರದೇಶದ ರಾಂಪುರ. ಅಲ್ಲಿನ ಗರಾರಿ ಚಾಕುವಿನ ಅಲಗಿನ ಬುಡದಲ್ಲಿ ಹಲ್ಲುಗಳಿರುತ್ತವೆ. ಬಿಚ್ಚುವಾಗ ಒಂದೊಂದು ಹಲ್ಲೂ ಸದ್ದು ಮಾಡುತ್ತ ಹಾಯುತ್ತದೆ. ಹಿಂದಿ ಸಿನಿಮಾಗಳ ಖಳರ ಕೈಗೆ ಸಿಕ್ಕಿ ಇದರ ಹೆಸರು ಕೆಟ್ಟಿತು. ನಿರ್ಬಂಧಗಳ ಹೊಡೆತಕ್ಕೆ ಕಸುಬುದಾರರ ಅಂಗಡಿಗಳೂ ಕಡಿಮೆಯಾದವು. 2023ರಲ್ಲಿ ರಾಂಪುರದ ಚೌಕವೊಂದರಲ್ಲಿ 20 ಅಡಿಯ ಚಾಕು ನಿಲ್ಲಿಸಿದ್ದಾರೆ. ಆ ಕೀಲಿನ ಕೆಲಸ ಇಂಥ ಗೌರವಕ್ಕೆ ಅರ್ಹವಾಗಿತ್ತು. ಅಮೆರಿಕದಲ್ಲಿ 1960ರ ದಶಕದ ಬಕ್ 110 ಎಂಬ ಚಾಕು ಬೆನ್ನಿನ ಬೀಗವನ್ನು ಜನಪ್ರಿಯಗೊಳಿಸಿತು. 1981ರಲ್ಲಿ ಸ್ಪೈಡರ್ಕೊ ಕಂಪನಿ ಅಲಗಿನಲ್ಲಿ ತೂತು ಕೊರೆದು, ಹಿಡಿಗೆ ಕ್ಲಿಪ್ ಹಾಕಿ, ಒಂದೇ ಕೈಯಲ್ಲಿ ಬಿಚ್ಚುವ ಚಾಕು ತಂದಿತು.

ಮತ್ತೆ ಕನ್ನಡ ನಾಡಿಗೆ ಬಂದರೆ, ಹುಬ್ಬಳ್ಳಿ–ಧಾರವಾಡದಲ್ಲಿ ಮಡಚುವ ಚಾಕು ನಿಜವಾದ ಕೆಲಸಕ್ಕೆ ಒದಗುವುದು ತೋಟಗಳಲ್ಲಿ. ಉಣಕಲ್ ದಾಟಿ ಧಾರವಾಡದ ಕಡೆ ಹೊರಟರೆ ನವಲೂರಿನ ಪೇರಲ ಸಿಗುತ್ತದೆ. ಧಾರವಾಡದ ಸುತ್ತ ಆಪೂಸ್ ಮಾವು, ಸಸಿಗಳ ನರ್ಸರಿಗಳು, 1986ರಲ್ಲಿ ಆರಂಭವಾದ ಕೃಷಿ ವಿಶ್ವವಿದ್ಯಾಲಯ. ಇಲ್ಲಿ ಬೇಕಾಗುವುದು ಕಸಿ ಚಾಕು. ಅದರ ಅಲಗು ನೇರ, ಸಾಣೆ ಒಂದೇ ಬದಿಗೆ. ಮಾವಿನ ಕಸಿಕಡ್ಡಿಯ ಬುಡವನ್ನು ಬೆಣೆಯಂತೆ ಕೆತ್ತಿ ಬೇರುಸಸಿಯ ಸೀಳಿಗೆ ಕೂರಿಸುವಾಗ ಎರಡೂ ಮುಖ ಸಪಾಟಾಗಿ ಕೂಡಬೇಕು. ಎರಡು ಬದಿ ಸಾಣೆ ಹಿಡಿದ ಅಲಗು ಮರದಲ್ಲಿ ದಿಕ್ಕು ತಪ್ಪಿ ಗುಳಿ ಬೀಳಿಸುತ್ತದೆ, ಆ ಗುಳಿಯಲ್ಲಿ ಗಾಳಿ ಉಳಿದು ಕಸಿ ಒಣಗುತ್ತದೆ. ಕಣ್ಣು ಕಸಿಯ ಚಾಕುವಿಗೆ ತೊಗಟೆ ಎಬ್ಬಿಸುವ ಮೊಂಡು ನಾಲಿಗೆಯೊಂದು ಹೆಚ್ಚು. ಸಂಗ್ರಹಕ್ಕೆ ಚಾಕು ಹುಡುಕುವವರು ಕಸಿ ಚಾಕುವನ್ನು ಕಡೆಗಣಿಸುತ್ತಾರೆ, ಅದು ತಪ್ಪು. ಚಾಕುವಿನ ಆಕಾರವನ್ನು ಕೆಲಸವೇ ಗೊತ್ತುಮಾಡುವುದು ಇಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣದು.

ಕೊಳ್ಳುವಾಗ ನೋಡಬೇಕಾದದ್ದು ಕೆಲವೇ. ಬಿಚ್ಚಿದ ಅಲಗನ್ನು ಹಿಡಿದು ಪಕ್ಕಕ್ಕೂ ಮೇಲಕ್ಕೂ ಅಲ್ಲಾಡಿಸಿದರೆ ಕದಲಬಾರದು. ಮಡಚಿದಾಗ ಅಲಗು ಹಿಡಿಯ ನಡುವೆ ನಿಲ್ಲಬೇಕು, ಪಕ್ಕದ ತಗಡಿಗೆ ತಾಗಬಾರದು. ಸ್ಪ್ರಿಂಗ್ ಮತ್ತು ಅಲಗಿನ ಬೆನ್ನಿನ ನಡುವೆ ಬೆಳಕು ತೂರಬಾರದು. ತುಕ್ಕು ಹಿಡಿಯದ ಉಕ್ಕು ಮಲೆನಾಡಿಗೆ ಅನುಕೂಲ; ಇಂಗಾಲದ ಉಕ್ಕು ಬೇಗ ಹರಿತವಾಗುತ್ತದೆ, ಆದರೆ ನಿಂಬೆ ಹೆಚ್ಚಿದ ಕೂಡಲೇ ಒರೆಸಿ ಎಣ್ಣೆ ಸವರಬೇಕು.

ಜೊತೆಗಿಟ್ಟುಕೊಳ್ಳುವವರು ಕಾನೂನನ್ನೂ ತಿಳಿದಿರಬೇಕು. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿಯ ನಿಯಮಗಳ ಪ್ರಕಾರ 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗು ಆಯುಧಗಳ ಪಟ್ಟಿಗೆ ಸೇರುತ್ತದೆ. ಮನೆ, ಕೃಷಿ, ವಿಜ್ಞಾನ, ಕೈಗಾರಿಕೆಗಳ ಬಳಕೆಗೆಂದು ಮಾಡಿದವಕ್ಕೆ ವಿನಾಯಿತಿಯಿದೆ. ದೆಹಲಿಯಲ್ಲಿ 1980ರ ಅಧಿಸೂಚನೆ ಬಟನ್ ಮತ್ತು ಗರಾರಿ ಚಾಕುಗಳ ಮಿತಿಯನ್ನು 7.62 ಸೆಂಟಿಮೀಟರಿಗೆ ಇಳಿಸಿದೆ. ನಿಷೇಧಾಜ್ಞೆ ಜಾರಿಯಲ್ಲಿರುವ ಊರಿನಲ್ಲಿ ಚಿಕ್ಕ ಚಾಕುವನ್ನೂ ಮನೆಯಲ್ಲೇ ಬಿಟ್ಟು ಹೊರಡುವುದು ಕ್ಷೇಮ. ವಿಮಾನದಲ್ಲಿ ಹೋಗುವವರು ಅದನ್ನು ಕೈಚೀಲದಲ್ಲಿಡದೆ, ಕೌಂಟರಿನಲ್ಲಿ ಒಪ್ಪಿಸುವ ಸಾಮಾನಿನಲ್ಲಿ ಹಾಕಬೇಕು.