ಕರೆ ತೆಗೆಯುವ ಸೂತ್ರಕ್ಕೆ ಒಡೆಯರು ಯಾರು?

ಗಡಸು ನೀರಿನ ಊರುಗಳಲ್ಲಿ ನಲ್ಲಿಯ ಬುಡದಲ್ಲೂ ಬಚ್ಚಲಿನ ನೆಲದಲ್ಲೂ ಕಟ್ಟುವ ಬಿಳಿಯ ಕರೆ ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ಆಮ್ಲ ತಗುಲಿದೊಡನೆ ಅದು ನೊರೆಯುಕ್ಕಿಸಿ ಕರಗುತ್ತದೆ. ಶಾಲೆಯ ಪ್ರಯೋಗಾಲಯದಲ್ಲಿ ಎಲ್ಲರೂ ಕಂಡಿರುವ ಈ ಕ್ರಿಯೆಯನ್ನು ಸೀಸೆಯಲ್ಲಿ ತುಂಬಿದವನು ಅದರ ಒಡೆಯನಾಗಬಲ್ಲನೇ?

ನ್ಯಾಯಮೂರ್ತಿ ಎನ್. ರಾಜಗೋಪಾಲ ಅಯ್ಯಂಗಾರ್ ಅವರ 1959ರ ವರದಿಯ ಬುನಾದಿಯ ಮೇಲೆ ರೂಪುಗೊಂಡ 1970ರ ಪೇಟೆಂಟ್ ಕಾಯಿದೆ 1972ರ ಏಪ್ರಿಲ್ 20ರಂದು ಜಾರಿಗೆ ಬಂತು. ಅದರ 5ನೆಯ ಕಲಮು ಆಹಾರ, ಔಷಧಗಳಿಗೆ ತಯಾರಿಕೆಯ ವಿಧಾನದ ಮೇಲಷ್ಟೇ ಹಕ್ಕು ನೀಡಿ, ವಸ್ತುವಿನ ಮೇಲೆ ನಿರಾಕರಿಸಿತು. ಇತಿಹಾಸಕಾರರು ಔಷಧದ ಕಥೆಯನ್ನೇ ಹೇಳುತ್ತಾರೆ. ರಾಸಾಯನಿಕ ಕ್ರಿಯೆಯಿಂದ ತಯಾರಾದ ಇತರ ವಸ್ತುಗಳೂ ಅದೇ ಕಲಮಿನಲ್ಲಿದ್ದವೆಂಬುದು ಮರೆತುಹೋಗಿದೆ. ಬಚ್ಚಲಿಗೆ ಇತಿಹಾಸದಲ್ಲಿ ಸ್ಥಾನ ಕಡಿಮೆಯೇ!

ಇನ್ನು ಮಿಶ್ರಣದ ಮಾತು. ಬೆರೆಸಿದ ವಸ್ತುಗಳ ಗುಣಗಳು ಬರಿದೆ ಕೂಡಿಕೊಂಡರೆ ಅದು ಆವಿಷ್ಕಾರವಲ್ಲ ಎನ್ನುತ್ತದೆ 3(ಇ) ಕಲಮು. 2005ರ ಜನವರಿ 1ರಿಂದ 5ನೆಯ ಕಲಮು ಇಲ್ಲವಾಯಿತು, 3(ಇ) ಉಳಿಯಿತು. ಆಮ್ಲ, ಸಾಬೂನಿನಂಥ ದ್ರವ್ಯ, ಬಣ್ಣ, ಸುವಾಸನೆ ಕೂಡಿಸಿದವನು ಅವು ಒಟ್ಟಾಗಿ ತಮ್ಮ ಮೊತ್ತಕ್ಕಿಂತ ಹೆಚ್ಚಿನ ಕೆಲಸ ಮಾಡುತ್ತವೆಂದು ತೋರಿಸಬೇಕು. ಇದು ನ್ಯಾಯವಾದ ಬೇಲಿಯೆಂದೇ ನನ್ನ ಎಣಿಕೆ.

ಹೀಗಾಗಿ ದೊಡ್ಡ ಕಂಪನಿಗಳ ಜಗಳ ಸೂತ್ರವನ್ನು ಬಿಟ್ಟು ಜಾಹೀರಾತಿಗೆ ಹರಿದದ್ದು ಆಶ್ಚರ್ಯವಲ್ಲ. 2021ರಲ್ಲಿ ಡೋಮೆಕ್ಸ್‌ನ ಜಾಹೀರಾತುಗಳು ಹಾರ್ಪಿಕ್ಕನ್ನು ಹೀಗಳೆಯುತ್ತವೆಂಬ ದೂರು ದೆಹಲಿ ಉಚ್ಚ ನ್ಯಾಯಾಲಯಕ್ಕೆ ಹೋಗಿ, ಕೆಲವಕ್ಕೆ ತಡೆಯೂ ಬಂತು. ಅಲ್ಲಿ ನ್ಯಾಯಾಧೀಶರು ಮಾಡಬೇಕಾಗಿ ಬಂದದ್ದು ಒಂದು ಬಗೆಯ ಸಾಹಿತ್ಯ ವಿಮರ್ಶೆ.

ಕೇರಳದಲ್ಲಿ ಈ ಪ್ರಶ್ನೆಗೆ ಬೇರೆಯ ತೂಕವಿದೆ. 1951ರಲ್ಲಿ ಸ್ಥಾಪನೆಯಾದ ತಿರುವಾಂಕೂರು-ಕೊಚ್ಚಿ ಕೆಮಿಕಲ್ಸ್ ಕೊಚ್ಚಿಯ ಬಳಿಯ ಉದ್ಯೋಗಮಂಡಲದಲ್ಲಿ ಕಾಸ್ಟಿಕ್ ಸೋಡದೊಡನೆ ಹೈಡ್ರೋಕ್ಲೋರಿಕ್ ಆಮ್ಲವನ್ನೂ ತಯಾರಿಸುತ್ತದೆ. 1998ರಲ್ಲಿ ಆರಂಭವಾದ ಕುಟುಂಬಶ್ರೀಯ ಮಹಿಳಾ ಘಟಕಗಳಲ್ಲಿ ಹಲವು ನೆಲ, ಶೌಚಾಲಯ ತೊಳೆಯುವ ದ್ರಾವಣಗಳನ್ನು ಮಾರಿ ಬದುಕುತ್ತವೆ. ಸೂತ್ರಕ್ಕೆ ಬೇಲಿ ಬಿದ್ದರೆ ಮೊದಲು ಮುಚ್ಚುವುದು ಇಂಥ ಘಟಕಗಳ ಬಾಗಿಲು.

ಪ್ರಕಟವಾದ ಪೇಟೆಂಟ್ ಅರ್ಜಿಯನ್ನು ಮಂಜೂರಾಗುವ ಮುನ್ನ ಯಾರು ಬೇಕಾದರೂ ವಿರೋಧಿಸಬಹುದು. ಕೇರಳಕ್ಕೂ ಕರ್ನಾಟಕಕ್ಕೂ ಚೆನ್ನೈಯೇ ಪೇಟೆಂಟ್ ಕಚೇರಿ. ಮಾಹಿತಿ ಅರಸುವವರಿಗೆ ತಿರುವನಂತಪುರದ ಪಟ್ಟಂನ ಶಾಸ್ತ್ರ ಭವನದಲ್ಲಿ ಪೇಟೆಂಟ್ ಮಾಹಿತಿ ಕೇಂದ್ರವಿದೆ. ಆದರೆ ವಿರೋಧಕ್ಕೆ ಪುರಾವೆ ಬೇಕು: ತಾರೀಖಿರುವ ಲೇಬಲ್ಲು, ರಶೀದಿ, ಅಚ್ಚಾದ ತಯಾರಿಕಾ ವಿವರ. ಕೈಯಂದಾಜಿನಲ್ಲಿ ಬೆರೆಸಿ, ಬಾಯಿಮಾತಿನಲ್ಲಿ ಕಲಿಸಿಕೊಟ್ಟ ಅಳತೆಯನ್ನು ಅಲ್ಲಿ ರುಜುವಾತು ಮಾಡುವುದು ಕಷ್ಟ.