ಪಹಣಿಯಲ್ಲಿಲ್ಲದ ಹೆಸರು

ಅಜ್ಜನ ಕಾಲದ ಗದ್ದೆ ಇಂದಿಗೂ ನಮ್ಮ ಕೈಯಲ್ಲೇ ಇದೆ ಎಂದು ಹೆಮ್ಮೆಪಡುವ ಮನೆಗಳು ಬಹಳ. ಅದು ಹೇಗೆ ಉಳಿಯಿತೆಂದು ಕೇಳುವವರು ಕಡಿಮೆ.

ಕುರ್‌ಆನಿನ ಅನ್ನಿಸಾ ಅಧ್ಯಾಯ ಮಗನ ಪಾಲಿನ ಅರ್ಧವನ್ನು ಮಗಳಿಗೆ ನಿಗದಿಪಡಿಸಿದೆ. ಮನೆ, ಹೊಲ ಎಂಬ ಭೇದ ಅಲ್ಲಿಲ್ಲ. ಆದರೆ 1937ರ ಶರೀಅತ್ ಕಾಯ್ದೆ ಕೃಷಿಭೂಮಿಯನ್ನು ಹೊರಗಿಟ್ಟಿತು. ಆ ವಿಷಯ ಆಗ ಪ್ರಾಂತ್ಯಗಳ ಅಧಿಕಾರಕ್ಕೆ ಸೇರಿತ್ತು. ಮದ್ರಾಸ್ 1949ರಲ್ಲಿ ಕೃಷಿಭೂಮಿಯನ್ನೂ ಸೇರಿಸಿಕೊಂಡಿತು. ಅಂದು ಮದ್ರಾಸಿಗೆ ಸೇರಿದ್ದ ದಕ್ಷಿಣ ಕನ್ನಡಕ್ಕೂ ಅದು ಅನ್ವಯಿಸಿತು. ಕಾನೂನು ಬದಲಾದಷ್ಟು ಬೇಗ ರೂಢಿ ಬದಲಾಗಲಿಲ್ಲ.

ದೇವರಾಜ ಅರಸು ಕಾಲದ 1974ರ ಭೂಸುಧಾರಣೆ ಗೇಣಿದಾರನನ್ನು ಒಡೆಯನನ್ನಾಗಿಸಿತು. ಅದು ದೊಡ್ಡ ಕೆಲಸವೇ. ಆದರೆ ‘ಉಳುವವನೇ ಹೊಲದೊಡೆಯ’ ಎಂಬ ಘೋಷಣೆಯಲ್ಲಿ ನಾಟಿ ಮಾಡಿದವಳಿಗೆ, ಕಳೆ ಕಿತ್ತವಳಿಗೆ ಜಾಗವಿರಲಿಲ್ಲ.

ಹಿಂದೂ ಸೋದರಿಯರ ಕಥೆಯೂ ಬಹಳ ಬೇರೆಯಲ್ಲ. ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಸಮಪಾಲು ಕರ್ನಾಟಕದಲ್ಲಿ ಬಂದದ್ದು 1994ರಲ್ಲಿ, ಅದೂ ಮೊದಲೇ ಮದುವೆಯಾದವರನ್ನು ಬಿಟ್ಟು. 2005ರ ಕೇಂದ್ರ ತಿದ್ದುಪಡಿ ಆ ಷರತ್ತನ್ನು ತೆಗೆದುಹಾಕಿತು.

ಹೆಣ್ಣಿಗೆ ಪಾಲು ಕೊಟ್ಟರೆ ಜಮೀನು ಚೂರಾಗುತ್ತದೆ ಎನ್ನುತ್ತಾರೆ. ಅಣ್ಣತಮ್ಮಂದಿರು ಹಂಚಿಕೊಳ್ಳುವಾಗ ಈ ಚಿಂತೆ ಯಾರನ್ನೂ ಕಾಡುವುದಿಲ್ಲ. ಪಾಲು ಕೊಡಲು ಬದು ಹಾಕಲೇಬೇಕೆಂದೇನಿಲ್ಲ. ಪಹಣಿಯಲ್ಲಿ ಹೆಸರು ಸೇರಿಸಿ ಫಸಲು ಹಂಚಬಹುದು, ಬೆಲೆ ಕಟ್ಟಿ ಹಣ ಕೊಡಬಹುದು.

ನಮ್ಮ ಫೂಫಿ ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿ, “ತಮ್ಮನ ಮನೆ ಬಾಗಿಲು ತೆರೆದಿದ್ದರೆ ಸಾಕು” ಎಂದಿದ್ದರು. ಪಾಲು ತೆಗೆದುಕೊಂಡರೆ ಆ ಬಾಗಿಲು ಮುಚ್ಚುವುದಿಲ್ಲ ಎಂದು ಅವರಿಗೆ ಹೇಳಿದವರು ನಮ್ಮ ಮನೆಯಲ್ಲಿ ಒಬ್ಬರೂ ಇರಲಿಲ್ಲ.