ಶರಾವತಿಯ ನೀರು, ಮೀಟರಿನ ಲೆಕ್ಕ

ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸ ಆರಂಭಿಸಿದಾಗ ಅದರ ಕುಲುಮೆಗೆ ಮಲೆನಾಡಿನ ಮರಗಳಿಂದ ಮಾಡಿದ ಇದ್ದಿಲೇ ಆಧಾರ. ಆಗ ಆ ಭಾಗದಲ್ಲಿ ಅಗ್ಗದ ವಿದ್ಯುತ್ ಇರಲಿಲ್ಲ. ಜೋಗದ ಬಳಿಯ ವಿದ್ಯುದಾಗಾರ 1948ರಲ್ಲಿ ಉತ್ಪಾದನೆಗೆ ತೊಡಗಿದ ಮೇಲೆ ಚಿತ್ರ ಬದಲಾಯಿತು. 1952ರಲ್ಲಿ ಭದ್ರಾವತಿಯಲ್ಲಿ ಎರಡು ವಿದ್ಯುತ್ ಕುಲುಮೆಗಳು ಆರಂಭವಾದವು. ಇಂಥ ಕುಲುಮೆಯಲ್ಲಿ ಒಂದು ಟನ್ ಬೀಡು ಕಬ್ಬಿಣ ತೆಗೆಯಲು ಎರಡು ಸಾವಿರ ಯೂನಿಟ್‌ಗೂ ಹೆಚ್ಚು ವಿದ್ಯುತ್ ಬೇಕು. ಕಾಡು ಹೊತ್ತಿದ್ದ ಭಾರದ ಒಂದು ಪಾಲು ಹೀಗೆ ನದಿಯ ಹೆಗಲಿಗೆ ಬಿತ್ತು.

ಬೇಡಿಕೆ ಬೆಳೆದಂತೆ ನದಿಯಿಂದ ಇನ್ನಷ್ಟು ಪಡೆಯುವ ಯೋಜನೆ ಬಂತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿಯಿತು. ಮರುವರ್ಷ ಶರಾವತಿ ವಿದ್ಯುದಾಗಾರ ಉದ್ಘಾಟನೆಯಾಯಿತು. ಊರು, ಗದ್ದೆ, ತೋಟಗಳು ನೀರಿನಡಿ ಸೇರಿದವು. ನಾಡಿಗೆ ಬೆಳಕು ಕೊಟ್ಟ ಹಿನ್ನೀರಿನ ಹಲವು ಹಳ್ಳಿಗಳು ದಶಕಗಳ ಕಾಲ ಚಿಮಣಿ ಬುಡ್ಡಿಯಲ್ಲೇ ದಿನ ದೂಡಿದವು. ದೀಪದ ಬುಡದಲ್ಲಿ ಕತ್ತಲೆ ಎಂಬ ಮಾತಿಗೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಇಷ್ಟಾದರೂ ಕೊರತೆ ನೀಗಲಿಲ್ಲ. ಮಳೆ ಕೈಕೊಟ್ಟ ವರ್ಷ ಜಲಾಶಯ ಬರಿದಾಗುತ್ತಿತ್ತು. 1970ರ ದಶಕದಿಂದ ವಿದ್ಯುತ್ ಕಡಿತ ಎಂಬುದು ರಾಜ್ಯದ ಜನರಿಗೆ ನಿತ್ಯದ ಮಾತಾಯಿತು. 1987ರಲ್ಲಿ ಸರ್ಕಾರದ ಸಮಿತಿಯೊಂದು 2000ದವರೆಗಿನ ದೀರ್ಘಾವಧಿ ವಿದ್ಯುತ್ ಯೋಜನೆಯನ್ನು ರೂಪಿಸಿತು. ಇನ್ನೂ ಎಷ್ಟು ಉತ್ಪಾದಿಸಬೇಕು ಎಂಬುದೇ ಅದರ ಮುಖ್ಯ ಚಿಂತೆ.

ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಅಮೂಲ್ಯ ರೆಡ್ಡಿ ಮತ್ತು ಸಂಗಡಿಗರು 1991ರಲ್ಲಿ ಪ್ರಶ್ನೆಯನ್ನೇ ತಿರುಗಿಸಿದರು. ಜನರಿಗೆ ಬೇಕಾದದ್ದು ವಿದ್ಯುತ್ತಲ್ಲ. ಬೆಳಕು, ಸ್ನಾನಕ್ಕೆ ಬಿಸಿನೀರು, ಹೊಲಕ್ಕೆ ನೀರು. ಅವನ್ನು ಎಷ್ಟು ಕಡಿಮೆ ವಿದ್ಯುತ್ತಿನಲ್ಲಿ ಒದಗಿಸಬಹುದು? ಉತ್ತಮ ದೀಪ, ಸೌರ ಹಂಡೆ, ಸುಧಾರಿಸಿದ ಪಂಪ್‌ಸೆಟ್‌ಗಳನ್ನು ಲೆಕ್ಕಕ್ಕೆ ಹಿಡಿದಾಗ, ಸಮಿತಿ ಅಂದಾಜಿಸಿದ್ದಕ್ಕಿಂತ ಬಹಳ ಕಡಿಮೆ ವಿದ್ಯುತ್ತು, ಬಹಳ ಕಡಿಮೆ ಹಣ ಸಾಕೆಂದು ಅವರು ತೋರಿಸಿದರು.

ವಿದ್ಯುತ್ ಲೆಕ್ಕಪರಿಶೋಧನೆ ಎಂದರೆ ಈ ಪ್ರಶ್ನೆಯನ್ನು ಒಂದೊಂದು ಮನೆ, ಅಂಗಡಿ, ಕಾರ್ಖಾನೆಯಲ್ಲಿ ಕೇಳುವುದು. ಪ್ರತಿ ಉಪಕರಣದ ವ್ಯಾಟ್ ಎಷ್ಟು, ದಿನಕ್ಕೆ ಎಷ್ಟು ಗಂಟೆ ಓಡುತ್ತದೆ ಎಂದು ಬರೆದು ಗುಣಿಸಿದರೆ ಅರ್ಧ ಲೆಕ್ಕ ಮುಗಿಯಿತು. 60 ವ್ಯಾಟಿನ ಹಳೆಯ ಬಲ್ಬು ದಿನಕ್ಕೆ 5 ಗಂಟೆ ಉರಿದರೆ ತಿಂಗಳಿಗೆ 9 ಯೂನಿಟ್. 9 ವ್ಯಾಟಿನ ಎಲ್‌ಇಡಿಗೆ ಒಂದೂವರೆ ಯೂನಿಟ್ ಕೂಡ ಬೇಡ. 2 ಕಿಲೋವ್ಯಾಟಿನ ಗೀಸರ್ ಅರ್ಧ ಗಂಟೆಯಲ್ಲಿ ನುಂಗುವ ಒಂದು ಯೂನಿಟ್‌ನಲ್ಲಿ ಅದೇ ಎಲ್‌ಇಡಿ ನೂರು ಗಂಟೆಗೂ ಹೆಚ್ಚು ಬೆಳಗುತ್ತದೆ. ಅಕ್ಕಿ ಗಿರಣಿಯಂಥ ಕಡೆ, ಕೆಲಸಕ್ಕೆ ಮೀರಿದ ದೊಡ್ಡ ಮೋಟಾರು, ಕೆಪಾಸಿಟರ್ ಇಲ್ಲದ ಲೈನು, ಸುಮ್ಮನೆ ತಿರುಗುವ ಯಂತ್ರ ಇವೆಲ್ಲ ಪರಿಶೋಧನೆಯಲ್ಲಿ ಬಯಲಾಗುತ್ತವೆ.

ಕಾನೂನು ಬಂದದ್ದು ತಡವಾಗಿ. 2001ರ ಇಂಧನ ಸಂರಕ್ಷಣಾ ಕಾಯ್ದೆ, ಹೆಚ್ಚು ಇಂಧನ ಬಳಸುವ ಉದ್ಯಮಗಳನ್ನು ಪರಿಶೋಧನೆಯ ವ್ಯಾಪ್ತಿಗೆ ತಂದಿತು. ಅದರ ಪಟ್ಟಿಯಲ್ಲಿ ಕಬ್ಬಿಣ ಮತ್ತು ಉಕ್ಕು, ಕಾಗದ ಎರಡೂ ಇವೆ. ಭದ್ರಾವತಿಯನ್ನು ಬೆಳೆಸಿದ್ದೇ ಈ ಎರಡು ಉದ್ಯಮಗಳು. ಆದರೆ ಅಷ್ಟರಲ್ಲಿ ಊರಿನ ವೈಭವ ಇಳಿಮುಖವಾಗಿತ್ತು; 2015ರ ಸುಮಾರಿಗೆ ಕಾಗದ ಕಾರ್ಖಾನೆಯ ಉತ್ಪಾದನೆಯೂ ನಿಂತಿತು. ಅದೇ ವರ್ಷ ಸರ್ಕಾರಿ ಯೋಜನೆಗಳ ಮೂಲಕ ಅಗ್ಗದ ಎಲ್‌ಇಡಿ ಬಲ್ಬುಗಳು ಮನೆಮನೆಗೆ ಬರತೊಡಗಿದವು.

2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಅನೇಕ ಮನೆಗಳ ಬಿಲ್ಲು ಸೊನ್ನೆಯಾಗಿದೆ. ಬಡ ಸಂಸಾರಕ್ಕೆ ಅದು ದೊಡ್ಡ ಆಸರೆ. ಆದರೆ ಬಿಲ್ಲು ಸೊನ್ನೆಯಾದ ಮಾತ್ರಕ್ಕೆ ಖರ್ಚಾದ ನೀರು ಸೊನ್ನೆಯಾಗದು. ಸಂಜೆಯ ಏರು ಬೇಡಿಕೆಯನ್ನು ಪೂರೈಸಲು ಶರಾವತಿ ಕಣಿವೆಯಲ್ಲಿ 2,000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ ಈಚೆಗೆ ರೂಪುಗೊಂಡು, ಮಲೆನಾಡಿನಲ್ಲಿ ವಿರೋಧವನ್ನೂ ಎದುರಿಸಿದೆ. ಇನ್ನೂ ಎಷ್ಟು ಬೇಕು ಎಂದು ನದಿಯನ್ನು ಕೇಳುವ ಮೊದಲು, ಇರುವುದು ಎಲ್ಲಿ ಹೋಗುತ್ತಿದೆ ಎಂದು ಮೀಟರನ್ನು ಕೇಳುವುದು ನ್ಯಾಯ. ಶಿವಮೊಗ್ಗದ ಮನೆಯಲ್ಲಿ ಉಳಿಯುವ ಯೂನಿಟ್‌ಗೆ ಯಾವ ಊರೂ ಮುಳುಗಬೇಕಾಗಿಲ್ಲ.